ತಿದ್ದುಪಡಿ ಚೀಟಿ

ಮಾಗಡಿ ರಸ್ತೆಯಲ್ಲಿ ಹಳೇ ಟೈರಿಗೆ ಹೊಸ ಚರ್ಮ ಹೊದಿಸುವ ಅಂಗಡಿ,
ಅದರ ಮೇಲಿನ ಮಹಡಿಯಲ್ಲಿ ನಾವು ಒಂಬತ್ತು ಜನ.
ಕೆಳಗೆ ರಬ್ಬರು ಬೇಯುವ ವಾಸನೆ,
ಮೇಲೆ ಫಿನ್ಲೆಂಡ್.

ರೋಸಲಿನ್‌ಗೆ ರಸ್ತೆ, ಚೌಡಯ್ಯನಿಗೆ ಕಾಡು,
ನನ್ನ ಪಾಲಿಗೆ ಬಂದದ್ದು ನೀರು.
ಆಕಾಶದಿಂದ ತೆಗೆದ ಪಟದಲ್ಲಿ
ನೀರು ಮುಗಿದು ನೆಲ ಶುರುವಾಗುವ ಕಡೆ
ಮೌಸ್ ಹಿಡಿದು ಗೆರೆ ಎಳೆಯಬೇಕು.
ಕೆರೆಗೆ ಒಂದು ರೂಪಾಯಿ ಎಂಬತ್ತು ಪೈಸೆ,
ಒಳಗೆ ದ್ವೀಪವಿದ್ದರೆ ಇನ್ನೊಂದು ರೂಪಾಯಿ.
ದ್ವೀಪದೊಳಗೊಂದು ಹೊಂಡ, ಹೊಂಡದೊಳಗೊಂದು ಬಂಡೆ ಸಿಕ್ಕಿದ ದಿನ
ಎಲ್ಲರಿಗೂ ನನ್ನ ಲೆಕ್ಕದಲ್ಲಿ ಟೀ.

ದೂರದಿಂದ ನೋಡಿದರೆ
ಕರಿದ ಹಪ್ಪಳದ ಗುಳ್ಳೆಗಳು, ಅಷ್ಟೇ.
ಹತ್ತಿರ ಹೋದಾಗ ಗೊತ್ತಾಗುತ್ತದೆ
ಎಲ್ಲವೂ ಒಂದೇ ದಿಕ್ಕಿಗೆ ಮಲಗಿವೆ,
ವಾಯವ್ಯದಿಂದ ಆಗ್ನೇಯಕ್ಕೆ,
ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿದ ತಲೆಯ ಹಾಗೆ.
ಬಾಚಿದ್ದು ಹಿಮ, ಎಂದರು ಸೂಪರ್‌ವೈಸರ್ ಗುರುಲಿಂಗಪ್ಪ,
ಹಿಂದೆ ಭೂಗೋಳದ ಮೇಷ್ಟ್ರು.
ಬೆಟ್ಟಕ್ಕಿಂತ ದಪ್ಪ ಹಿಮ ತೆವಳಿಕೊಂಡು ಹೋಯಿತಂತೆ,
ಕರಗಿದ ನೀರು ಅದರ ಹೊಟ್ಟೆಯೊಳಗೇ ಹರಿದು
ಮರಳು ಜಲ್ಲಿ ಸುರಿದು ಏರಿ ಕಟ್ಟಿತಂತೆ.
ಎರಡು ಕೆರೆಗಳ ನಡುವೆ ಕಾಣುತ್ತದಲ್ಲ
ಸೆರಗಿನ ಜರಿಯಷ್ಟು ತೆಳ್ಳಗೆ,
ಅದರ ಮೇಲೇ ರೋಸಲಿನ್‌ಳ ರಸ್ತೆ ಓಡುತ್ತದೆ.
ಟೆಂಡರಿಲ್ಲ, ಬಿಲ್ಲಿಲ್ಲ,
ಹತ್ತು ಸಾವಿರ ವರ್ಷ ನಿಂತಿದೆ.

ಹಿಮದ ಭಾರ ಇಳಿದದ್ದೇ ತಡ
ನೆಲ ಮೇಲೇಳತೊಡಗಿತು, ಇನ್ನೂ ನಿಲ್ಲಿಸಿಲ್ಲ.
ಪಡುವಣ ದಡದಲ್ಲಿ ವರ್ಷಕ್ಕೆ ಒಂದು ಕಿರುಬೆರಳ ಉಗುರಿನಗಲ.
ಸಮುದ್ರ ಹಿಂದೆ ಸರಿಯುತ್ತದೆ,
ದೋಣಿ ಕಟ್ಟುತ್ತಿದ್ದ ಗೂಟದ ಸುತ್ತ ಹುಲ್ಲು.
ಇವತ್ತು ನಾನೆಳೆದ ಗೆರೆಯನ್ನು ಮುಂದೆ ಯಾರೋ ಅಳಿಸಬೇಕು.
"ಹೆದರ್ಬೇಡಮ್ಮ, ಕೆಲಸ ಹೋಗಲ್ಲ," ನಕ್ಕರು ಗುರುಲಿಂಗಪ್ಪ,
"ದೇಶಾನೇ ಏಳ್ತಾ ಇದೆ."

ಅಮ್ಮ ಬಿಂದಿಗೆ ಸಾಲಿಟ್ಟು ನಲ್ಲಿ ಕಾಯುತ್ತಿದ್ದಳು.
"ಅಷ್ಟೊಂದು ನೀರಿಟ್ಕೊಂಡು ಏನ್ಮಾಡ್ತಾರೆ?"
"ವರ್ಷದಲ್ಲಿ ಐದಾರು ತಿಂಗಳು ಗಟ್ಟಿಯಾಗ್ಬಿಡುತ್ತೆ."
ಸ್ವಲ್ಪ ಹೊತ್ತು ಯೋಚಿಸಿದಳು.
"ಸದ್ಯ. ಯಾರೂ ಕದಿಯೋಕಾಗಲ್ಲ."

ಏಪ್ರಿಲ್‌ನಲ್ಲಿ ಚೀಟಿ ಬಂತು.
ಹಾಳೆ ಎಂಟು, ಕೆರೆ ನಾಲ್ಕುನೂರ ಹದಿನೇಳು:
ನೀರಲ್ಲ. ಮೋಡದ ನೆರಳು. ತೆಗೆಯಿರಿ.

ಅದರ ನೆನಪಿತ್ತು ನನಗೆ.
ಹುಣಸೆಬೀಜದಂಥ ಕೆರೆ, ಹೊಟ್ಟೆಯ ಹತ್ತಿರ ಸಣ್ಣ ಸೊಟ್ಟ.
ಒಳಕ್ಕೆ ಬರುವ ಹಳ್ಳವಿಲ್ಲ, ಹೊರಕ್ಕೆ ಹೋಗುವ ಹಳ್ಳವಿಲ್ಲ,
ಆಗಲೇ ಅನುಮಾನ ಬರಬೇಕಿತ್ತು.
ಬದಲಿಗೆ ಅದಕ್ಕೊಂದು ಹೆಸರಿಟ್ಟಿದ್ದೆ
(ಹೇಳುವುದಿಲ್ಲ),
ಊಟದ ಬಿಡುವಿನಲ್ಲಿ ಒಮ್ಮೊಮ್ಮೆ ಹೋಗಿ ನೋಡಿ ಬರುತ್ತಿದ್ದೆ.

ಮತ್ತೆ ತೆರೆದು ದಕ್ಷಿಣಕ್ಕೆ ಹುಡುಕಿದೆ.
ಹೆಬ್ಬೆರಳಗಲದಾಚೆ ಕೂತಿತ್ತು ಮೋಡ,
ಅದೇ ಬೀಜ, ಅದೇ ಸೊಟ್ಟ.
ಎಷ್ಟು ಸಲ ದಾಟಿಹೋಗಿದ್ದೆ ಅದರ ಮೇಲೆ,
ಬಿಳಿಯೆಂದರೆ ಖಾಲಿ ಅಂದುಕೊಂಡು.

ತೆಗೆದೆ. ಕೆಳಗೆ ಕಾಡಿತ್ತು. ಚೌಡಯ್ಯನಿಗೆ ಒಪ್ಪಿಸಿದೆ.

ರಾತ್ರಿ ಬಸ್ಸಿನಲ್ಲಿ ಕಂಡಕ್ಟರ್ ಕೂಗುತ್ತಿದ್ದ
"ಕೆರೆಕೋಡಿ, ಕೆರೆಕೋಡಿ, ಯಾರ್ರೀ ಇಳಿಯೋರು?"
ನಾಲ್ಕು ಜನ ಇಳಿದರು,
ಚಪ್ಪಲಿ ಒದ್ದೆಯಾಗಲಿಲ್ಲ.

ಭಾನುವಾರ ನಾನೂ ರೋಸಲಿನ್ನೂ ಲಾಲ್‌ಬಾಗಿನ ಬಂಡೆ ಹತ್ತಿದೆವು.
ಅಲ್ಲಿಂದ ಊರು ಕಾಣುತ್ತದೆ, ಹೊಗೆ, ಕ್ರೇನು,
ಯಾವ ದಿಕ್ಕಿಗೂ ಬಾಚದ ತಲೆ.
ಬಂಡೆಯ ಗುಳಿಯಲ್ಲಿ ರಾತ್ರಿಯ ಮಳೆ,
ಊಟದ ತಟ್ಟೆಯಷ್ಟು,
ನಡುವೆ ಕಡಲೆಕಾಯಿ ಸಿಪ್ಪೆಯೊಂದು ತಗಲಿಕೊಂಡು ನಿಂತಿತ್ತು.
"ಎರಡು ರೂಪಾಯಿ ಎಂಬತ್ತು ಪೈಸೆ," ಅಂದಳು ರೋಸಲಿನ್.
ತಡಿ ಅಂದೆ,
ಕೂತು, ಬೆರಳು ಅದ್ದಿ ನೋಡಿದೆ.